256 ಬಣ್ಣದ ಟರ್ಮಿನಲ್‌ನಲ್ಲಿ ಮುಖ ಯಾಕೆ ಗುಲಾಬಿಯಾಗುತ್ತದೆ?

ಪ್ರಶ್ನೆ: ಸರ್ವರ್‌ನಲ್ಲಿರುವ ಫೋಟೋಗಳನ್ನು ಇಳಿಸಿಕೊಳ್ಳದೆ ಟರ್ಮಿನಲ್‌ನಲ್ಲೇ ನೋಡೋಣ ಅಂತ ಪೈಥಾನ್‌ನಲ್ಲಿ ಒಂದು ಚಿಕ್ಕ ಸ್ಕ್ರಿಪ್ಟ್ ಬರೆದುಕೊಂಡಿದ್ದೇನೆ. ಅರ್ಧ ಚೌಕದ ▀ ಅಕ್ಷರ ಬಳಸಿ ಪಿಕ್ಸೆಲ್ ತೋರಿಸುತ್ತದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಚಿತ್ರ ಚೆನ್ನಾಗಿಯೇ ಬರುತ್ತದೆ. ಎಸ್‌ಎಸ್‌ಎಚ್ ಮೂಲಕ ಸರ್ವರ್‌ಗೆ ಹೋಗಿ ಟಿಮಕ್ಸ್ (ಒಂದೇ ಟರ್ಮಿನಲ್‌ನಲ್ಲಿ ಹಲವು ಸೆಶನ್ ನಡೆಸುವ ಪ್ರೋಗ್ರಾಂ) ಒಳಗೆ ಓಡಿಸಿದರೆ 256 ಬಣ್ಣಕ್ಕೆ ಇಳಿಯುತ್ತದೆ. ಮೊದಲು ಕೆಂಪು, ಹಸಿರು, ನೀಲಿ ಮೂರರ ಅಂಕಿಗಳನ್ನೂ (0ರಿಂದ 255) 51ರಿಂದ ಭಾಗಿಸಿ ಹತ್ತಿರದ ಪೂರ್ಣಸಂಖ್ಯೆ ತೆಗೆದುಕೊಂಡೆ. ನೆರಳಿನ ಭಾಗವೆಲ್ಲ ಬೂದಿ ಬಳಿದ ಹಾಗಾಯಿತು. ಆಮೇಲೆ ಅತಿ ಹತ್ತಿರದ ಬಣ್ಣ ಹುಡುಕುವ ಲೂಪ್ ಹಾಕಿದೆ. ನೆರಳು ಸರಿಹೋಯಿತು, ಆದರೆ ಮುಖಗಳು ಗುಲಾಬಿಯಾದವು! ಅದೇ ಸರ್ವರ್‌ಗೆ ಮಾನಿಟರ್ ಸಿಕ್ಕಿಸಿ ಲಿನಕ್ಸ್ ಕನ್ಸೋಲ್‌ನಲ್ಲಿ (ಕಿಟಕಿಗಳಿಲ್ಲದ, ಬರೀ ಅಕ್ಷರದ ಪರದೆಯಲ್ಲಿ) ನೋಡಿದರೆ ಯಾರ ಮುಖ ಅಂತಲೇ ಗೊತ್ತಾಗುವುದಿಲ್ಲ. ಇಷ್ಟು ಕಡಿಮೆ ಬಣ್ಣದಲ್ಲಿ ಚಿತ್ರ ನೆಟ್ಟಗೆ ತೋರಿಸಲು ಆಗುತ್ತದಾ?

ಉತ್ತರ: ಆಗುತ್ತದೆ. ಆದರೆ ನೀವು ಹೇಳಿದ್ದರಲ್ಲಿ ಮೂರು ಬೇರೆ ಬೇರೆ ತೊಂದರೆಗಳು ಒಂದರೊಳಗೊಂದು ಸೇರಿಕೊಂಡಿವೆ. ಬಿಡಿಸಿ ನೋಡಿದರೆ ಒಂದೊಂದಕ್ಕೂ ಬೇರೆ ಮದ್ದು.

ಮೊದಲು ಟಿಮಕ್ಸ್ ವಿಷಯ ಮುಗಿಸಿಬಿಡೋಣ. ಅಲ್ಲಿ ನಿಮಗೆ ಬಣ್ಣದ ಬಡತನ ನಿಜವಾಗಿ ಇಲ್ಲ. ಚಿತ್ರ ಬೀಳುವುದು ಅದೇ ಲ್ಯಾಪ್‌ಟಾಪಿನ ಅದೇ ಟರ್ಮಿನಲ್ ಮೇಲೆ, ಅಲ್ವಾ? ಪೂರ್ಣ ಬಣ್ಣ ಇದೆಯೋ ಇಲ್ಲವೋ ಎಂದು ತಿಳಿಯಲು ಹೆಚ್ಚಿನ ಪ್ರೋಗ್ರಾಂಗಳು ಕಲರ್‌ಟರ್ಮ್ ಎಂಬ ವೇರಿಯಬಲ್ ನೋಡುತ್ತವೆ. ಎಸ್‌ಎಸ್‌ಎಚ್ ತಾನಾಗಿ ದಾಟಿಸುವುದು ಟರ್ಮ್ ಎಂಬ ಇನ್ನೊಂದನ್ನು ಮಾತ್ರ. ಕಲರ್‌ಟರ್ಮ್ ಸಾಮಾನ್ಯವಾಗಿ ಈ ಕಡೆಯೇ ಉಳಿದುಬಿಡುತ್ತದೆ. ಅದರ ಮೇಲೆ ಟಿಮಕ್ಸ್, ಹೊರಗಿನ ಟರ್ಮಿನಲ್‌ಗೆ ಪೂರ್ಣ ಬಣ್ಣ ಬರುತ್ತದೆ ಎಂದು ಯಾರಾದರೂ ಹೇಳದ ಹೊರತು, ಬಂದದ್ದನ್ನೆಲ್ಲ 256ಕ್ಕೆ ಇಳಿಸಿ ಕಳಿಸುತ್ತದೆ. ಟಿಮಕ್ಸ್ 3.2 ಅಥವಾ ಹೊಸದಾದರೆ ಕಾನ್ಫಿಗ್ ಫೈಲ್‌ನ ಟರ್ಮಿನಲ್-ಫೀಚರ್ಸ್ ಆಯ್ಕೆಯಲ್ಲಿ ನಿಮ್ಮ ಟರ್ಮಿನಲ್ ಹೆಸರಿನ ಜೊತೆ ಆರ್‌ಜಿಬಿ ಸೇರಿಸಿ. ಹಳೆಯದಾದರೆ ಟರ್ಮಿನಲ್-ಓವರ್‌ರೈಡ್ಸ್‌ನಲ್ಲಿ ಟಿಸಿ ಎಂಬ ಎರಡಕ್ಷರ. ಸೆಶನ್ ಬಿಟ್ಟು ಮತ್ತೆ ಸೇರಿಕೊಳ್ಳಿ. ಕಪ್ಪಿನಿಂದ ಕೆಂಪಿಗೆ ಹೋಗುವ ಒಂದು ಸಾಲನ್ನು ಪೂರ್ಣ ಬಣ್ಣದಲ್ಲಿ ಬರೆದು ನೋಡಿ. ನುಣ್ಣಗೆ ಬಂದರೆ ಸರಿಯಾಯಿತು. ಪಟ್ಟೆ ಪಟ್ಟೆಯಾಗಿ ಬಂದರೆ ಮಧ್ಯದಲ್ಲಿ ಯಾರೋ ಇನ್ನೂ ಇಳಿಸುತ್ತಿದ್ದಾರೆ.

ಈಗ ನಿಜವಾಗಿಯೂ 256 ಮಾತ್ರ ಇರುವ ಕಡೆಗೆ ಬರೋಣ. ಆಪಲ್‌ನ ಹಳೆಯ ಟರ್ಮಿನಲ್ ಆವೃತ್ತಿಗಳು ಹೀಗೆ, ಇಂಥವು ಇನ್ನೂ ಬೇಕಾದಷ್ಟಿವೆ.

ಆ 256ರ ಒಳಗೆ ಏನಿದೆ ಎಂದು ಒಮ್ಮೆ ನೋಡಿಬಿಡಿ, ನಿಮ್ಮ ಅರ್ಧ ಸಮಸ್ಯೆ ಅಲ್ಲೇ ಕಾಣುತ್ತದೆ. 0ರಿಂದ 15ರವರೆಗಿನವು ಹಳೆಯ ಹದಿನಾರು ಬಣ್ಣಗಳು. 16ರಿಂದ 231ರವರೆಗೆ 6×6×6ರ ಘನ, ಅಂದರೆ 216 ಬಣ್ಣ. 232ರಿಂದ 255ರವರೆಗೆ 24 ಬೂದು ಮೆಟ್ಟಿಲು, 8ರಿಂದ ಶುರುವಾಗಿ ಹತ್ತತ್ತು ಏರಿ 238ಕ್ಕೆ ನಿಲ್ಲುತ್ತದೆ. ಘನದ ಆರು ಮಟ್ಟಗಳು ಸಮ ಅಂತರದಲ್ಲಿಲ್ಲ: 0, 95, 135, 175, 215, 255. ಮೊದಲ ಹೆಜ್ಜೆಯೇ 95ರ ನೆಗೆತ, ಆಮೇಲೆ ನಲವತ್ತು ನಲವತ್ತು. 51ರಿಂದ ಭಾಗಿಸುವ ನಿಮ್ಮ ಲೆಕ್ಕ ಮಟ್ಟಗಳು ಸಮನಾಗಿವೆ ಎಂದು ನಂಬಿಕೊಂಡಿತ್ತು. ಬೆಲೆ 26 ಮುಟ್ಟಿದ ಕೂಡಲೇ ಅದು 95ಕ್ಕೆ ಹಾರುತ್ತದೆ. ಸರಿಯಾದ ಗಡಿ 48. ಉದಾಹರಣೆಗೆ 40, 40, 40 ಎಂಬ ಕಡು ನೆರಳನ್ನು ತೆಗೆದುಕೊಳ್ಳಿ. ನಿಮ್ಮ ಸೂತ್ರ ಅದನ್ನು 59ನೇ ಬಣ್ಣಕ್ಕೆ ಕಳಿಸುತ್ತದೆ, ಅಂದರೆ 95, 95, 95. ಪಕ್ಕದ ಬೂದು ಸಾಲಿನಲ್ಲಿ 235ನೆಯದು 38, 38, 38 ಎಂದು ಸುಮ್ನೆ ಕೂತಿದೆ, ಅದನ್ನು ಯಾರೂ ಕೇಳಲಿಲ್ಲ. ನೆರಳಿಗೆ ಬೂದಿ ಬಳಿದ ಹಾಗಾದದ್ದು ಇದರಿಂದ.

ಲೂಪ್ ಹಾಕಿದಾಗ ಇದು ಸರಿಹೋಯಿತು. ಹಾಗಾದರೆ ಗುಲಾಬಿ ಎಲ್ಲಿಂದ ಬಂತು?

ಬಿಸಿಲಿನಲ್ಲಿ ತೆಗೆದ ಗೋಧಿ ಬಣ್ಣದ ಕೆನ್ನೆಯ ಒಂದು ಪಿಕ್ಸೆಲ್ ಹಿಡಿಯೋಣ: 200, 150, 120. ಮೂರೂ ಅಂಕಿಗೆ ಘನದಲ್ಲಿ ಹತ್ತಿರದ ಮಟ್ಟ ಹುಡುಕಿದರೆ 215, 135, 135 ಸಿಗುತ್ತದೆ. ಅದು 174ನೇ ಬಣ್ಣ. ಒಂದೊಂದು ಅಂಕಿಯೂ ಕೇವಲ 15 ತಪ್ಪಿದೆ. ಲೆಕ್ಕದಲ್ಲಿ ಇದಕ್ಕಿಂತ ಹತ್ತಿರದ್ದು ಇಲ್ಲ. ಆದರೆ ಆ ಕೆನ್ನೆಯನ್ನು ಕಂದು ಮಾಡಿದ್ದು ಹಸಿರಿಗೂ ನೀಲಿಗೂ ಇದ್ದ 30ರ ವ್ಯತ್ಯಾಸ. ಈಗ ಎರಡೂ 135. ವ್ಯತ್ಯಾಸ ಪೂರ್ತಿ ಮಾಯ, ಉಳಿದದ್ದು ಗುಲಾಬಿ. (ತಮಾಷೆ ಏನೆಂದರೆ ನಿಮ್ಮ ಮೊದಲ ತಪ್ಪು ಸೂತ್ರ ಇದೇ ಪಿಕ್ಸೆಲ್‌ಗೆ 180 ಕೊಡುತ್ತದೆ, ಅಂದರೆ 215, 175, 135. ಅದೃಷ್ಟಕ್ಕೆ ಅದು ಒಳ್ಳೆಯ ಉತ್ತರ.)

ಆರ್‌ಜಿಬಿ (ಕೆಂಪು, ಹಸಿರು, ನೀಲಿ) ಅಂಕಿಗಳ ನಡುವಿನ ದೂರ ಮತ್ತು ಕಣ್ಣಿಗೆ ಕಾಣುವ ದೂರ ಒಂದೇ ಅಲ್ಲ. ಕಣ್ಣಿನ ಲೆಕ್ಕಕ್ಕೆ ಹತ್ತಿರವಾದ ಅಳತೆ ಬೇಕೆಂದೇ 1976ರಲ್ಲಿ ಸಿಐಇ ಲ್ಯಾಬ್ ಬಂತು. 2020ರಲ್ಲಿ ಬ್ಯೋರ್ನ್ ಒಟ್ಟೋಸನ್ ಪ್ರಕಟಿಸಿದ ಓಕೆಲ್ಯಾಬ್ ಇನ್ನೂ ಸರಳ, ಕೋಡ್ ಹತ್ತಿಪ್ಪತ್ತು ಸಾಲಿನಲ್ಲಿ ಮುಗಿಯುತ್ತದೆ. ನಮ್ಮ ಕೆನ್ನೆಯನ್ನು ಸಿಐಇ ಲ್ಯಾಬ್‌ನಲ್ಲಿ ಅಳೆದರೆ 174 ಸುಮಾರು 19 ದೂರದಲ್ಲಿದೆ. 137ನೇ ಬಣ್ಣ, ಅಂದರೆ 175, 135, 95, ಸುಮಾರು 9 ದೂರದಲ್ಲಿ. 180 ಸುಮಾರು 10 ದೂರದಲ್ಲಿ. ಆರ್‌ಜಿಬಿ ಗೆಲ್ಲಿಸಿದ ಬಣ್ಣ ಇಲ್ಲಿ ಎರಡು ಪಟ್ಟು ದೂರ ಹೋಯಿತು. ಲೂಪ್ ಹಾಗೇ ಇರಲಿ, ಅಳತೆ ಮಾತ್ರ ಬದಲಿಸಿ, ಮುಖದ ಗುಲಾಬಿ ಹೋಗುತ್ತದೆ. ಪ್ರತಿ ಪಿಕ್ಸೆಲ್‌ಗೂ ಹುಡುಕಿದರೆ ಪೈಥಾನ್ ನಿಧಾನವಾಗುತ್ತದೆ. ಮೂರೂ ಬಣ್ಣವನ್ನು 32 ಮಟ್ಟಕ್ಕೆ ಇಳಿಸಿ 32,768 ಮನೆಗಳ ಒಂದು ಪಟ್ಟಿಯನ್ನು ಮೊದಲೇ ಮಾಡಿಟ್ಟುಕೊಳ್ಳಿ. ಆಮೇಲೆ ಬರೀ ನೋಡಿ ತೆಗೆದುಕೊಳ್ಳುವ ಕೆಲಸ.

ಹುಡುಕುವಾಗ ಮೊದಲ ಹದಿನಾರು ಬಣ್ಣಗಳನ್ನು ಬಿಟ್ಟುಬಿಡಿ. ಅವು ನಿಮ್ಮ ಕೈಯಲ್ಲಿಲ್ಲ, ಬಳಕೆದಾರರ ಥೀಮ್ ಕೈಯಲ್ಲಿವೆ. ಸೋಲರೈಸ್ಡ್ ಥೀಮ್ ಹಾಕಿಕೊಂಡವರ ಹತ್ತಿರ ‘ತಿಳಿ ಹಸಿರು’ ಎಂದು ನೀವು ಕಳಿಸಿದ್ದು ಮಾಸಲು ಬೂದಾಗಿ ಕಾಣುತ್ತದೆ. ಆ ಥೀಮ್ ಅಂಥ ಜಾಗಗಳನ್ನು ಹಿನ್ನೆಲೆ ಮತ್ತು ಬರಹದ ಬೂದು ಛಾಯೆಗಳಿಗೆ ಬಳಸಿಕೊಂಡಿದೆ. ಉಳಿದ 240 ಬಣ್ಣಗಳನ್ನು ಸಾಮಾನ್ಯವಾಗಿ ಯಾರೂ ಮುಟ್ಟುವುದಿಲ್ಲ.

137 ಮತ್ತು 180ಕ್ಕೆ ಮತ್ತೆ ಬರೋಣ. ಒಂದು ಸ್ವಲ್ಪ ಕಡು, ಇನ್ನೊಂದು ಸ್ವಲ್ಪ ತಿಳಿ. ಎರಡರ ಸರಾಸರಿ ತೆಗೆದರೆ 195, 155, 115. ನಮಗೆ ಬೇಕಿದ್ದ 200, 150, 120ಕ್ಕೆ ಎಷ್ಟು ಹತ್ತಿರ ನೋಡಿ! ಒಂದು ಪಿಕ್ಸೆಲ್ ಇದು, ಪಕ್ಕದ್ದು ಅದು ಎಂದು ಹಾಕುತ್ತಾ ಹೋದರೆ ದೂರದಿಂದ ನೋಡುವ ಕಣ್ಣು ಎರಡನ್ನೂ ಬೆರೆಸಿಕೊಳ್ಳುತ್ತದೆ. ಡಿದರಿಂಗ್ ಅಂದರೆ ಇಷ್ಟೇ. 1976ರ ಫ್ಲಾಯ್ಡ್-ಸ್ಟೈನ್‌ಬರ್ಗ್ ವಿಧಾನ ಒಂದು ಪಿಕ್ಸೆಲ್‌ನಲ್ಲಿ ಆದ ತಪ್ಪನ್ನು ಹದಿನಾರು ಪಾಲು ಮಾಡಿ ಬಲಕ್ಕೆ 7, ಕೆಳಗೆ ಎಡಕ್ಕೆ 3, ನೇರ ಕೆಳಗೆ 5, ಕೆಳಗೆ ಬಲಕ್ಕೆ 1 ಪಾಲು ಹಂಚುತ್ತದೆ. ಇನ್ನೊಂದು ವಿಧಾನ 1973ರಲ್ಲಿ ಬ್ರೈಸ್ ಬೇಯರ್ ಕೊಟ್ಟದ್ದು. ಅದರಲ್ಲಿ ತಪ್ಪು ಹಂಚುವ ಗೋಜಿಲ್ಲ, 4×4 ಅಥವಾ 8×8ರ ಒಂದು ನಿಶ್ಚಿತ ಅಂಕಿಕೋಷ್ಟಕವನ್ನು ಚಿತ್ರದ ಮೇಲೆ ಹಾಸಿ ಕೂಡಿಸಿದರಾಯಿತು. ಕ್ಯಾಮೆರಾ ಸೆನ್ಸರ್‌ಗಳ ಮೇಲಿರುವ ಬೇಯರ್ ಫಿಲ್ಟರ್ ಕೂಡ ಇದೇ ವ್ಯಕ್ತಿಯದು.

ಇಲ್ಲಿ ನನ್ನದೊಂದು ತಕರಾರಿದೆ. ಡಿದರಿಂಗ್ ಹಾಕಿದರೆ ಎಲ್ಲವೂ ಚೆಂದವಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಟರ್ಮಿನಲ್‌ನಲ್ಲಿ ಪಿಕ್ಸೆಲ್ ಎಷ್ಟಿವೆ ಹೇಳಿ? 80×24ರ ಪರದೆಯಲ್ಲಿ ▀ ಬಳಸಿದರೆ 80×48 ಅಷ್ಟೇ. ಅದರಲ್ಲಿ ಒಂದು ಮುಖಕ್ಕೆ ಬರುವುದು ಬೆರಳೆಣಿಕೆಯಷ್ಟು ಸಾಲು. ಒಂದೊಂದು ಚುಕ್ಕೆಯೂ ಅಕ್ಷರದ ಅರ್ಧದಷ್ಟು ದಪ್ಪ. ಕಣ್ಣಿಗೆ ಬೆರೆಯುವುದಿಲ್ಲ, ಬೇಳೆಯಲ್ಲಿ ಕಲ್ಲು ಕಂಡ ಹಾಗೆ ಬೇರೆಯಾಗೇ ಕಾಣುತ್ತದೆ. 256 ಬಣ್ಣದಲ್ಲಿ ಚಿತ್ರ ಚಿಕ್ಕದಿದ್ದರೆ ನಾನು ಡಿದರಿಂಗ್ ಹಾಕುವುದೇ ಇಲ್ಲ, ಅಥವಾ ತಪ್ಪಿನ ಅರ್ಧವನ್ನಷ್ಟೇ ಹಂಚುತ್ತೇನೆ. ಟರ್ಮಿನಲ್ ದೊಡ್ಡದಿದ್ದು ಅಕ್ಷರ ಸಣ್ಣದಿದ್ದರೆ, ಆಕಾಶ, ಗೋಡೆಯಂಥ ನುಣ್ಣನೆಯ ಹರವುಗಳಿದ್ದರೆ ಪೂರ್ತಿ ಹಾಕಬಹುದು. ಲೋಗೋ, ಗ್ರಾಫ್, ಸ್ಕ್ರೀನ್‌ಶಾಟ್‌ಗೆ ಬೇಡವೇ ಬೇಡ. ಜಿಫ್ ಅಥವಾ ವಿಡಿಯೋ ಆದರೆ ಬೇಯರ್‌ನದೇ ಸರಿ. ಫ್ಲಾಯ್ಡ್-ಸ್ಟೈನ್‌ಬರ್ಗ್‌ನಲ್ಲಿ ಒಂದು ಮೂಲೆ ಬದಲಾದರೆ ತಪ್ಪಿನ ಹರಿವು ಬದಲಾಗಿ ಫ್ರೇಮಿನಿಂದ ಫ್ರೇಮಿಗೆ ಚುಕ್ಕೆಗಳೆಲ್ಲ ಕುಣಿಯುತ್ತವೆ.

ಅಳತೆ ಇಳಿಸುವ ಕೆಲಸವನ್ನು ಬಣ್ಣ ಇಳಿಸುವ ಮೊದಲೇ ಮಾಡಿ, ಎಂದೂ ಆಮೇಲಲ್ಲ. ಸಾಧ್ಯವಾದರೆ ನೇರ ಬೆಳಕಿನ ಲೆಕ್ಕದಲ್ಲಿ ಮಾಡಿ. ಫೈಲ್‌ನಲ್ಲಿರುವ ಅಂಕಿಗಳು ಬೆಳಕಿನ ಪ್ರಮಾಣವಲ್ಲ, ಅದನ್ನು ಬಾಗಿಸಿ ಬರೆದಿಟ್ಟದ್ದು. ಕಪ್ಪು-ಬಿಳಿ ಚುಕ್ಕೆಗಳು ಸಮಸಮವಾಗಿರುವ ಜಾಗವನ್ನು ಚಿಕ್ಕದು ಮಾಡಿದರೆ ಬರಬೇಕಾದದ್ದು ಸುಮಾರು 188. ಪೈಥಾನ್‌ನ ಚಿತ್ರಗಳ ಲೈಬ್ರರಿಯಾದ ಪಿಲ್ಲೋದ ರೀಸೈಜ್ ಹಾಗೇ ಬಳಸಿದರೆ ಬರುವುದು 128ರ ಆಸುಪಾಸು. ಮರದ ಎಲೆ, ಕೂದಲು, ಗುಂಗುರು ಬಟ್ಟೆಯಂಥ ಸಣ್ಣ ವಿವರಗಳಿರುವ ಜಾಗ ಕಪ್ಪಗಾಗುವುದು ಇದರಿಂದ. ಡಿದರಿಂಗ್‌ನಲ್ಲಿ ತಪ್ಪು ಹಂಚುವಾಗಲೂ ಇದೇ ಮಾತು. ಹತ್ತಿರದ ಬಣ್ಣ ಆರಿಸುವುದು ಲ್ಯಾಬ್‌ನಲ್ಲಿ, ತಪ್ಪು ಹಂಚುವುದು ನೇರ ಬೆಳಕಿನ ಅಂಕಿಯಲ್ಲಿ.

ಇನ್ನೊಂದು ದಾರಿಯೂ ಇದೆ, ಜನ ಅದನ್ನು ಯೋಚಿಸುವುದೇ ಕಡಿಮೆ. ಬಣ್ಣ ಬಿಟ್ಟುಬಿಡಿ. ಬೂದು ಸಾಲಿನ 24, ಘನದ ಕರ್ಣದಲ್ಲಿರುವ 6 ಸೇರಿ ಒಟ್ಟು 30 ಬೂದು ಮಟ್ಟಗಳು 256ರ ಒಳಗಿವೆ. ಕಪ್ಪು-ಬಿಳುಪು ಮಾಡಿದ ಫೋಟೋ ಈ ಮೂವತ್ತರಲ್ಲಿ ಎಷ್ಟು ನುಣುಪಾಗಿ ಬರುತ್ತದೆ ಎಂದರೆ ಡಿದರಿಂಗ್ ಬೇಕೇ ಆಗುವುದಿಲ್ಲ. ಯಾವ ಫೋಟೋ ಯಾವುದು ಎಂದು ಗುರುತಿಸುವುದಷ್ಟೇ ನಿಮ್ಮ ಉದ್ದೇಶವಾದರೆ ನಾನು ಇದನ್ನೇ ಆರಿಸುತ್ತಿದ್ದೆ. ಬಣ್ಣ ಕೊಂಚ ತಪ್ಪಿದರೂ ಮುಖ ಗುರುತು ಸಿಗುತ್ತದೆ. ಬೆಳಕು-ನೆರಳು ತಪ್ಪಿದರೆ ಸಿಗುವುದಿಲ್ಲ.

ನಿಮ್ಮ ಕನ್ಸೋಲ್‌ನಲ್ಲಿ ಆಗಿರುವುದೂ ಇದೇ, ಸ್ವಲ್ಪ ಜಾಸ್ತಿ. ಲಿನಕ್ಸ್ ಕನ್ಸೋಲ್‌ಗೆ ಅಕ್ಷರಕ್ಕೆ 16 ಬಣ್ಣ, ಹಿನ್ನೆಲೆಗೆ ಬರೀ 8. ನೀವು 256ರ ಕೋಡ್ ಅಥವಾ ಪೂರ್ಣ ಬಣ್ಣದ ಕೋಡ್ ಕಳಿಸಿದರೆ ಕರ್ನೆಲ್ (ಲಿನಕ್ಸ್‌ನ ತಿರುಳು) ಅದನ್ನು ತೆಗೆದುಕೊಳ್ಳುತ್ತದೆ, ಆದರೆ ತನಗೆ ತೋಚಿದ ಹಾಗೆ ಆ 16 ಮತ್ತು 8ರೊಳಗೆ ತುರುಕುತ್ತದೆ. 3.16ಕ್ಕಿಂತ ಹಳೆಯ ಕರ್ನೆಲ್‌ಗಳು ಅಷ್ಟೂ ಮಾಡುತ್ತಿರಲಿಲ್ಲ, ಅಂಥ ಕೋಡ್ ಶುರುವಾಗುವ 38 ಎಂಬ ಸಂಖ್ಯೆ ಕಂಡರೆ ಅಡಿಗೆರೆ ಎಳೆಯುತ್ತಿದ್ದವು. ನಮ್ಮ ಕೆನ್ನೆಯ ಪಿಕ್ಸೆಲ್‌ಗೆ ಈ ಹದಿನಾರರಲ್ಲಿ ಆರ್‌ಜಿಬಿ ಲೆಕ್ಕದಲ್ಲಿ ಅತಿ ಹತ್ತಿರದ್ದು 170, 170, 170ರ ಬೂದು. ಕಂದು ಎಂದು ಇರುವುದು 170, 85, 0, ಅದು ತೀರಾ ಕಡು. ಅಂದರೆ ಆ ಪ್ಯಾಲೆಟ್‌ನಲ್ಲಿ (ಆ ಹದಿನಾರು ಬಣ್ಣಗಳ ಪಟ್ಟಿಯಲ್ಲಿ) ಚರ್ಮದ ಬಣ್ಣವೇ ಇಲ್ಲ.

ಹಾಗಾದರೆ ಪ್ಯಾಲೆಟ್ಟನ್ನೇ ಬದಲಿಸಿ! ಲಿನಕ್ಸ್ ಕನ್ಸೋಲ್ ಇದಕ್ಕೆ ಬಿಡುತ್ತದೆ. ಎಸ್ಕೇಪ್, ಮುಚ್ಚುವ ಚೌಕ ಆವರಣ, ದೊಡ್ಡಕ್ಷರದ ಪಿ, ಆಮೇಲೆ ಏಳು ಹೆಕ್ಸ್ ಅಂಕಿ. ಮೊದಲ ಅಂಕಿ ಯಾವ ಬಣ್ಣ ಎಂದು, ಉಳಿದ ಆರು ಅದರ ಹೊಸ ಬೆಲೆ. ಚಿತ್ರದಿಂದಲೇ ಹದಿನಾಲ್ಕು ಬಣ್ಣ ಆರಿಸಿ. ಪಿಲ್ಲೋದಲ್ಲಿರುವ ಕ್ವಾಂಟೈಜ್ ಮೀಡಿಯನ್ ಕಟ್ (ಬಣ್ಣಗಳ ಗುಂಪನ್ನು ಮತ್ತೆ ಮತ್ತೆ ಎರಡಾಗಿ ಒಡೆಯುವ) ವಿಧಾನದಿಂದ ಅದನ್ನು ಮಾಡಿಕೊಡುತ್ತದೆ. 0 ಮತ್ತು 7ನ್ನು ಕಪ್ಪು, ತಿಳಿ ಬೂದು ಹಾಗೇ ಬಿಡಿ, ಇಲ್ಲದಿದ್ದರೆ ಪ್ರಾಂಪ್ಟ್ ಓದಲಾಗುವುದಿಲ್ಲ. ಚಿತ್ರದಲ್ಲಿ ಅತಿ ಹೆಚ್ಚು ಬಳಕೆಯಾಗುವ ಬಣ್ಣಗಳನ್ನು ಮೊದಲ ಎಂಟರೊಳಗೆ ಇಡಿ, ಹಿನ್ನೆಲೆಗೆ ಸಿಗುವುದು ಅವು ಮಾತ್ರ. ಮುಗಿದ ಮೇಲೆ ಅದೇ ಆವರಣದ ನಂತರ ದೊಡ್ಡಕ್ಷರದ ಆರ್ ಕಳಿಸಿದರೆ ಹಳೆಯ ಬಣ್ಣಗಳು ವಾಪಸ್. ಟರ್ಮ್ ಬೆಲೆ ಲಿನಕ್ಸ್ ಎಂದಿದ್ದಾಗ ಮಾತ್ರ ಇದನ್ನು ಕಳಿಸಿ. ಈ ಕೋಡ್‌ಗೆ ಮುಕ್ತಾಯದ ಗುರುತಿಲ್ಲ. ಎಕ್ಸ್‌ಟರ್ಮ್ ತರಹದ ಟರ್ಮಿನಲ್‌ಗಳು ಮುಕ್ತಾಯ ಬರಲಿ ಎಂದು ಕಾಯುತ್ತಾ ಗಪ್ಪಂತ ಕೂತುಬಿಡಬಹುದು.

ಹಿನ್ನೆಲೆಗೆ ಎಂಟೇ ಬಣ್ಣ ಎಂಬುದು ▀ ಬಳಸುವವರಿಗೆ ಸಿಗುವ ಒಂದು ಮುಳ್ಳು. ಮೇಲಿನ ಅರ್ಧಕ್ಕೆ ಅಕ್ಷರದ ಬಣ್ಣ, ಕೆಳಗಿನ ಅರ್ಧಕ್ಕೆ ಹಿನ್ನೆಲೆಯ ಬಣ್ಣ ಅಲ್ವಾ? ಕೆಳಗಿನ ಅರ್ಧಕ್ಕೆ ಎರಡನೇ ಎಂಟರ ಬಣ್ಣ ಬೇಕೆಂದರೆ ▀ ಬದಲು ▄ ಹಾಕಿ, ಆಗ ಕೆಳಗಿನದು ಅಕ್ಷರದ ಬಣ್ಣವಾಗುತ್ತದೆ. ಎರಡಕ್ಕೂ ಅದೇ ಬೇಕೆಂದರೆ █. ಎರಡೂ ಎರಡನೇ ಎಂಟರಲ್ಲೇ ಇದ್ದು ಬೇರೆ ಬೇರೆಯಾಗಿದ್ದರೆ ಮಾತ್ರ ಒಂದನ್ನು ಮೊದಲ ಎಂಟರ ಹತ್ತಿರದ ಬಣ್ಣಕ್ಕೆ ಇಳಿಸಬೇಕು. ಯಾವುದನ್ನು ಇಳಿಸಿದರೆ ನಷ್ಟ ಕಡಿಮೆ ಎಂದು ಎರಡೂ ರೀತಿ ಲೆಕ್ಕ ಹಾಕಿ ನೋಡಿ. ಇದರ ಜೊತೆ ░ ▒ ▓ ಕೂಡ ಇವೆ. ಕೆಂಪು ಹಿನ್ನೆಲೆಯ ಮೇಲೆ ಹಳದಿ ▒ ಹಾಕಿದರೆ ಕಿತ್ತಳೆ. ಡಿದರಿಂಗ್ ಒಂದೇ ಅಕ್ಷರದ ಮನೆಯೊಳಗೆ ಮುಗಿಯುತ್ತದೆ, ಚುಕ್ಕೆಗಳೂ ಸಣ್ಣವು. ಆದರೆ ಎತ್ತರದ ವಿವರ ಅರ್ಧಕ್ಕೆ ಇಳಿಯುತ್ತದೆ, ಹಾಗಾಗಿ ಹಿನ್ನೆಲೆಯ ಗೋಡೆಗೆ ಸರಿ, ಕಣ್ಣು-ಮೂಗಿಗೆ ಬೇಡ. ಸಣ್ಣ ಪಿಕ್ಸೆಲ್‌ಗಳಂತೆ ಬಳಸುವ ಬ್ರೈಲ್ ಚುಕ್ಕೆಯ ಅಕ್ಷರಗಳನ್ನು ಇಲ್ಲಿ ನಂಬಬೇಡಿ. ಕನ್ಸೋಲ್ ಫಾಂಟ್‌ನಲ್ಲಿ ಹೆಚ್ಚೆಂದರೆ 512 ಆಕೃತಿಗಳಿರುತ್ತವೆ, ಬ್ರೈಲ್‌ನವೇ 256. ಅವಕ್ಕೆ ಅಲ್ಲಿ ಜಾಗ ಸಿಗುವುದು ಅಪರೂಪ.

ಇದೆಲ್ಲ ಕನ್ಸೋಲ್‌ನಲ್ಲಿ ಅಕ್ಷರದಲ್ಲೇ ತೋರಿಸಬೇಕು ಎಂಬ ಹಟ ಇದ್ದರೆ ಮಾತ್ರ. ನೀವೇ ಆ ಮಾನಿಟರ್ ಮುಂದೆ ಕೂತಿದ್ದೀರಿ, ಅಕ್ಷರಗಳ ಹಿಂದೆ ಪರದೆಯ ಪಿಕ್ಸೆಲ್‌ಗಳನ್ನು ಹಿಡಿದಿಡುವ ಮೆಮೊರಿ, ಅಂದರೆ ಫ್ರೇಮ್‌ಬಫರ್ ಇದೆ. ಎಫ್‌ಬಿಐ ಅಥವಾ ಫಿಮ್ ಎಂಬ ಚಿತ್ರ ತೋರಿಸುವ ಪ್ರೋಗ್ರಾಂ ಹಾಕಿಕೊಂಡರೆ ಅವು ನೇರ ಅಲ್ಲಿಗೇ ಪೂರ್ಣ ಬಣ್ಣದಲ್ಲಿ ಬರೆಯುತ್ತವೆ. ನಿಮ್ಮ ಬಳಕೆದಾರ ಖಾತೆ ವಿಡಿಯೋ ಗುಂಪಿನಲ್ಲಿರಬೇಕು, ಅಷ್ಟೇ.

ಸ್ಕ್ರಿಪ್ಟ್ ಬರೆಯುವ ಖುಷಿ ಮುಖ್ಯವಲ್ಲ, ಕೆಲಸ ಆದರೆ ಸಾಕು ಅಂದರೆ ಟರ್ಮಿನಲ್‌ನಲ್ಲಿ ಚಿತ್ರ ತೋರಿಸುವ, ಹಾನ್ಸ್ ಪೆಟರ್ ಯಾನ್ಸನ್ ಅವರ ಚಾಫಾ ಬಳಸಿ. ಇಲ್ಲಿ ಹೇಳಿದ ಬಹಳಷ್ಟು ಅದರಲ್ಲಿದೆ. ಬಣ್ಣದ ಆಯ್ಕೆಗೆ 240 ಎಂದು ಕೊಟ್ಟರೆ ಮೊದಲ ಹದಿನಾರನ್ನು ಬಿಡುತ್ತದೆ, 16/8 ಎಂದು ಕೊಟ್ಟರೆ ಕನ್ಸೋಲಿನ ಮಿತಿಯನ್ನು ಪಾಲಿಸುತ್ತದೆ. ಬಣ್ಣದ ಅಳತೆ ತಾನಾಗಿ ಆರ್‌ಜಿಬಿಯಲ್ಲೇ ಇರುತ್ತದೆ. ಅದನ್ನು ಕಣ್ಣಿನ ಲೆಕ್ಕಕ್ಕೆ ಹತ್ತಿರವಾದ ಡಿನ್99ಡಿ ಎಂಬ ಅಳತೆಗೆ ಬದಲಿಸಿದರೆ ಗುಲಾಬಿ ಕೆನ್ನೆಯ ಕಾಟ ಕಡಿಮೆಯಾಗುತ್ತದೆ, ಸ್ವಲ್ಪ ನಿಧಾನವಾಗುತ್ತದೆ. ಲ್ಯಾಪ್‌ಟಾಪಿನ ಟರ್ಮಿನಲ್‌ಗೆ ಸಿಕ್ಸೆಲ್ (ಚಿತ್ರವನ್ನು ನೇರ ಪಿಕ್ಸೆಲ್‌ಗಳಾಗಿ ಕಳಿಸುವ ಕೋಡ್) ಗೊತ್ತಿದ್ದರೆ ಅಕ್ಷರಗಳ ಈ ಸರ್ಕಸ್ಸೇ ಬೇಡ. ಅದು ಡೆಕ್ ಕಂಪನಿಯ ಹಳೆಯ ಟರ್ಮಿನಲ್‌ಗಳ ಕಾಲದ್ದು, ಹದಿನಾರೇ ಬಣ್ಣವಿದ್ದ ವಿಟಿ340ರಲ್ಲೂ ನಿಜವಾದ ಪಿಕ್ಸೆಲ್‌ಗಳನ್ನು ಬರೆಯುತ್ತಿತ್ತು. ಟರ್ಮಿನಲ್ಲನ್ನೇ ಕೇಳಿ ನೋಡಬಹುದು: ಎಸ್ಕೇಪ್, ತೆರೆಯುವ ಚೌಕ ಆವರಣ, ಚಿಕ್ಕಕ್ಷರದ ಸಿ ಕಳಿಸಿ. ಬರುವ ಉತ್ತರದ ಸಂಖ್ಯೆಗಳಲ್ಲಿ 4 ಇದ್ದರೆ ಸಿಕ್ಸೆಲ್ ಇದೆ. ಮಧ್ಯೆ ಟಿಮಕ್ಸ್ ಇದ್ದರೆ ಅದು 3.4 ಅಥವಾ ಹೊಸದಾಗಿರಬೇಕು, ಅದನ್ನು ಕಂಪೈಲ್ ಮಾಡುವಾಗ ಸಿಕ್ಸೆಲ್ ಸೇರಿಸಿರಬೇಕು.

ನಿಮ್ಮ ಸ್ಕ್ರಿಪ್ಟನ್ನೇ ಮುಂದುವರಿಸುವುದಾದರೆ ಇನ್ನೆರಡು ಸಣ್ಣ ಕೆಲಸ. ಪ್ರತಿ ಸಾಲಿನ ಕೊನೆಗೂ ಬಣ್ಣವನ್ನು ಮೊದಲಿನ ಸ್ಥಿತಿಗೆ ತರುವ ಕೋಡ್ ಹಾಕಿ, ಹೊಸ ಸಾಲಿನ ಗುರುತಿಗಿಂತ ಮೊದಲು. ಇಲ್ಲದಿದ್ದರೆ ಕೊನೆಯ ಪಿಕ್ಸೆಲ್‌ನ ಬಣ್ಣ ಪರದೆಯ ಅಂಚಿನವರೆಗೂ ಹರಡುತ್ತದೆ. ಮತ್ತೆ, ಬಣ್ಣ ಬದಲಾದಾಗ ಮಾತ್ರ ಕೋಡ್ ಕಳಿಸಿ. ಪೂರ್ಣ ಬಣ್ಣದಲ್ಲಿ ಒಂದು ಮನೆಗೆ ಹೆಚ್ಚೆಂದರೆ 39 ಬೈಟ್ ಬೇಕು, 80×24ಕ್ಕೆ ಸುಮಾರು 75 ಸಾವಿರ. 256ರಲ್ಲಿ ಒಂದು ಮನೆಗೆ 23. ಪಕ್ಕಪಕ್ಕದಲ್ಲಿ ಒಂದೇ ಬಣ್ಣ ಇರುವ ಕಡೆಯೆಲ್ಲ ಅದು ಮೂರೇ ಬೈಟ್‌ಗೆ ಇಳಿಯುತ್ತದೆ. ಡಿದರಿಂಗ್ ಹಾಕಿದ ಚಿತ್ರದಲ್ಲಿ ಹಾಗೆ ಪಕ್ಕಪಕ್ಕ ಒಂದೇ ಬಣ್ಣ ಸಿಗುವುದು ಕಡಿಮೆ. ನಿಧಾನದ ಸಂಪರ್ಕದಲ್ಲಿ ಅದನ್ನು ತೆಗೆಯಲು ಇದೂ ಒಂದು ಕಾರಣ.